ಮೆಣಸಗಿಯ ಕೊಟ್ಟಿಗೆಯಲ್ಲಿ ಕಲಿಸಿದ ಇಂಗ್ಲಿಷ್

ಆ ಬೇಸಿಗೆಯಲ್ಲಿ ನಾನು ಕಿಟಕಿ ಮುಚ್ಚಿಕೊಂಡು ಪಾಠ ಹೇಳತೊಡಗಿದ್ದೆ. ನರಗುಂದದ ಪೇಟೆಯಲ್ಲಿ ಜವಳಿ ಸಾವಕಾರರೊಬ್ಬರ ಅಂಗಡಿಯ ಮೇಲಿದ್ದ ಅಟ್ಟವೇ ನನ್ನ ಸಾಲೆ. ಧಾರವಾಡದಲ್ಲಿ ಇಂಗ್ಲಿಷ್ ಕಲಿತಿದ್ದ ನನ್ನನ್ನು ಸಾವಕಾರರು ತಮ್ಮ ಮಗನ ಸಲುವಾಗಿ ಕರೆಸಿಕೊಂಡಿದ್ದರು. ಮಗನ ಜೊತೆಗೆ ಪೇಟೆಯ ಇನ್ನಷ್ಟು ಹುಡುಗರು ಬಂದು ಸೇರಿದ್ದರು. ಹುಡುಗರು ಎಂದರೂ ಎಲ್ಲರಿಗೂ ಮೀಸೆ ಮೂಡಿತ್ತು. ಅಂಥ ವಯಸ್ಸಿನವರಿಗೆ ಹೊಸ ಭಾಷೆ ಕಲಿಸುವುದು ಎಳೆಯ ಮಕ್ಕಳಿಗೆ ಕಲಿಸಿದಂತಲ್ಲ. ತಪ್ಪಾದೀತು ಎಂಬ ನಾಚಿಕೆಗೆ ಅವರು ಬಾಯಿಯನ್ನೇ ತೆರೆಯುವುದಿಲ್ಲ.

ನನಗೆ ಗೊತ್ತಿದ್ದದ್ದು ನಾನು ಕಲಿತ ರೀತಿಯೊಂದೇ. ಅಕ್ಷರ ಕೂಡಿಸಿ ಒದರಿಸುವುದು, ವಾಕ್ಯ ಬಾಯಿಪಾಠ ಮಾಡಿಸುವುದು, ಅದರ ಕನ್ನಡ ಅರ್ಥವನ್ನು ಪಾಟಿಯ ಮೇಲೆ ಬರೆಸುವುದು. ಸಾವಕಾರರ ಮಗ ಇದರಲ್ಲಿ ಎಲ್ಲರಿಗಿಂತ ಮುಂದು. ಪುಸ್ತಕದ ಇಡೀ ಪಾಠವನ್ನು ಉಸಿರು ಬಿಡದೆ ಹೇಳುತ್ತಿದ್ದ. ಹತ್ತಿ ಹಿಂಜುವ ಪಿಂಜಾರರ ಮಗ ತಡವಾಗಿ ಸೇರಿದವನು. ಅವನಿಗೆ ಬಾಯಿಪಾಠ ಹತ್ತುತ್ತಿರಲಿಲ್ಲ. ನಡುನಡುವೆ ತಡೆದು, "ಸರ್, ಇದನ್ನ ಯಾರಿಗೆ ಅನ್ನೂದ್ರಿ?" ಎಂದು ಕೇಳುತ್ತಿದ್ದ. ಪುಸ್ತಕದ ವಾಕ್ಯವನ್ನು ಯಾರಿಗೂ ಅನ್ನುವುದಿಲ್ಲ, ಕಲಿಯುವುದಷ್ಟೇ ಎಂದು ಗದರಿಸಿ ಕೂಡಿಸುತ್ತಿದ್ದೆ.

ಕತ್ತಿ, ಬಂದೂಕು ಮುಂತಾದ ಹತ್ಯಾರಗಳನ್ನೆಲ್ಲ ತಂದೊಪ್ಪಿಸಬೇಕೆಂದು ಕಂಪನಿ ಸರಕಾರದ ಹುಕುಂ ಬಂದ ಮೇಲೆ ಊರಿನ ಮುಖವೇ ಬದಲಾಯಿತು. ದಿನವೂ ನಮಸ್ಕಾರ ಹೇಳುತ್ತಿದ್ದ ಎದುರು ಮನೆಯ ಕಂಚುಗಾರ ನನ್ನನ್ನು ಕಂಡರೆ ಒಳಗೆ ಹೋಗತೊಡಗಿದ. ಒಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಅಪರಿಚಿತನೊಬ್ಬ ನಗುತ್ತಲೇ ಕೇಳಿದ: "ಮಾಸ್ತರ್ರ, ಧಾರವಾಡಕ್ಕ ದಿನಾ ಕಾಗದ ಬರೀತೀರಂತಲ್ಲ, ಖರೇ ಏನ್ರಿ?"

"ನಮ್ಮವ್ವಗ ಬರೀತೇನ್ರಿ, ಎಂದರ ಒಮ್ಮಿ" ಎಂದೆ.

"ಅವ್ವಗ ಇಂಗ್ರೇಜಿ ಬರ್ತೈತೇನ್ರಿ?" ಎಂದ. ಅವನ ಬಾಯಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. ಅಂದಿನಿಂದಲೇ ಕಿಟಕಿ ಮುಚ್ಚಿದ್ದು.

ಸುರೇಬಾನದಲ್ಲಿ ನರಗುಂದದ ಅರಸರ ಕಡೆಯವರು ಕಂಪನಿಯ ಏಜೆಂಟ್ ಸಾಹೇಬನನ್ನು ಕೊಂದ ಸುದ್ದಿ ಬಂದಾಗ ನಾವು ಭೂತಕಾಲದ ಕ್ರಿಯಾಪದ ಮಾಡುತ್ತಿದ್ದೆವು. ಅಗಸೆ ಬಾಗಿಲ ಕಡೆಯಿಂದ ಒಂದು ದೊಡ್ಡ ಗದ್ದಲ ಎದ್ದಿತು. ಸಾಹೇಬನ ತಲೆಯನ್ನು ತಂದು ಅಲ್ಲಿ ಕಟ್ಟಿದ್ದಾರೆಂದು ಕೆಳಗೆ ಬೀದಿಯಲ್ಲಿ ಯಾರೋ ಕೂಗಿಕೊಂಡು ಓಡಿದರು. ನಾನು ಅದನ್ನು ಕಣ್ಣಾರೆ ನೋಡಲಿಲ್ಲ. ಹುಡುಗರು ಪಾಟಿ ಮಡಿಲಲ್ಲಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. ಪಾಠ ಮುಂದುವರಿಸಲೋ ಬಿಡಲೋ ತಿಳಿಯದೆ ನಾನು ಪುಸ್ತಕದ ಅದೇ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತೆ.

ಸ್ವಲ್ಪ ಹೊತ್ತಿಗೆ ಯಾರೋ ಗುಂಪಾಗಿ ಬಂದು ಅಂಗಡಿಯ ಕದ ಬಡಿದರು.

"ಇಂಗ್ರೇಜಿ ಮಾಸ್ತರ ಎಲ್ಲ್ಯಾನ?"

"ನಮ್ಮಲ್ಲಿ ಅಂಥಾವ ಯಾರೂ ಇಲ್ರಪಾ. ಲೆಕ್ಕಾ ಬರ್ಯಾವ ಒಬ್ಬವ ಇದ್ದ, ತನ್ನ ಊರಿಗೆ ಹೋದ" ಎಂದರು ಸಾವಕಾರರು.

ನಾನು ಸೀರೆ ಪೆಂಡಿಗಳ ಹಿಂದೆ ಮೊಣಕಾಲಿಗೆ ಗದ್ದ ಹಚ್ಚಿ ಕುಳಿತಿದ್ದೆ. ಹೊಸ ಬಣ್ಣದ ಘಾಟು ಮೂಗಿಗೆ ಹತ್ತಿ ಸೀನು ಬರುವಂತಾಗುತ್ತಿತ್ತು. ಸೀನು ಬಂದರೆ ಸತ್ತೆ ಎಂದುಕೊಂಡು ಮೂಗನ್ನು ಎರಡೂ ಕೈಯಿಂದ ಹಿಚುಕಿ ಹಿಡಿದುಕೊಂಡೆ. ಅವರು ಹೋದರು. ಸಾವಕಾರರು ಮೇಲೆ ಬಂದು, "ಮಾಸ್ತರ್ರ, ಇನ್ನ ನೀವಿಲ್ಲಿ ಇರಬ್ಯಾಡ್ರಿ. ನಾಳೆ ಬೆಳಗಾಗೂದ್ರಾಗ ಹೆಣ್ಮಕ್ಕಳನ್ನ, ಹುಡುಗನ್ನ ಮೆಣಸಗಿಗೆ ಕಳಸ್ತೀನಿ. ಅವರ ಗಾಡ್ಯಾಗ ನೀವೂ ಹೊಂಡ್ರಿ" ಎಂದರು. ಪುಸ್ತಕಗಳನ್ನು ಹಿತ್ತಲಿನ ಹಗೇವಿನಲ್ಲಿ, ಜೋಳದ ಕೆಳಗೆ ಹೂತೆವು. ನನ್ನ ಕಸುಬಿನ ಸಾಮಾನೆಲ್ಲ ನೆಲದ ಹೊಟ್ಟೆ ಸೇರಿತು.

ಮೆಣಸಗಿಯಲ್ಲಿ ನಮಗೆ ಆಸರೆ ಕೊಟ್ಟವಳು ಸಾವಕಾರರಿಗೆ ವರ್ಷಾವರ್ಷ ಹತ್ತಿ ಮಾರುತ್ತಿದ್ದ ಒಬ್ಬ ಒಕ್ಕಲುತನದ ವಿಧವೆ. ಹೆಂಗಸರು ಮನೆಯೊಳಗೆ ಉಳಿದರು. ನನಗೂ ಇಬ್ಬರು ಹುಡುಗರಿಗೂ ದನದ ಕೊಟ್ಟಿಗೆ. ಪಿಂಜಾರರ ಮಗ ಗಾಡಿಯ ಜೊತೆ ನಡೆದೇ ಬಂದಿದ್ದ. ಅವನ ತಂದೆತಾಯಿ ಗಜೇಂದ್ರಗಡದ ಕಡೆ ನಂಟರ ಮನೆಗೆ ಹೋಗಿದ್ದರು. ಇವನು, "ಸರ್ ಎಲ್ಲಿ ಹೊಕ್ಕಾರ, ನಾನೂ ಅಲ್ಲೇ" ಎಂದು ಹಟ ಹಿಡಿದು ಬಂದವನು. ಆ ಮಾತು ಕೇಳಿ ನನಗೆ ಸಂತೋಷವಾಗಬೇಕಿತ್ತು. ಆದರೆ ಅವನ ಹೊಣೆಯೂ ನನ್ನ ಮೇಲೆ ಬಿತ್ತಲ್ಲ ಎಂಬ ದಿಗಿಲೇ ಮೊದಲು ಬಂತು.

ಮುಂದೆ ತೋಪಿನ ಸದ್ದು ಗುಡುಗಿನಂತೆ ದೂರದಿಂದ ಕೇಳಿಸಿತು, ನಿಂತಿತು. ನರಗುಂದದ ಕೋಟೆ ಬಿತ್ತೆಂದೂ ಅರಸರು ಊರು ಬಿಟ್ಟರೆಂದೂ ಹೊಳೆ ದಾಟಿ ಬಂದವರು ಹೇಳಿದರು. ಅವರನ್ನು ಹುಡುಕುತ್ತ ಗೋರಾ ಸಾಹೇಬರು ಕುದುರೆ ಸವಾರರೊಂದಿಗೆ ಹಳ್ಳಿಹಳ್ಳಿ ಜಾಲಾಡುತ್ತಿದ್ದಾರಂತೆ. ಒಂದು ಊರಲ್ಲಿ ಒಕ್ಕಲಿಗನೊಬ್ಬನನ್ನು ಏನೋ ಕೇಳಿದರಂತೆ, ಅವನು ಏನೋ ಹೇಳಿದನಂತೆ. ಅವನ ಕನ್ನಡ ಹಿಂದುಸ್ತಾನಿಯಾಗಿ, ಹಿಂದುಸ್ತಾನಿ ಇಂಗ್ಲಿಷಾಗಿ ಸಾಹೇಬನ ಕಿವಿ ಮುಟ್ಟುವಷ್ಟರಲ್ಲಿ ಇಲ್ಲ ಎಂಬುದು ಉಂಟು ಎಂದಾಗಿತ್ತಂತೆ. ಅವನನ್ನು ಕಟ್ಟಿಕೊಂಡು ಹೋದರಂತೆ.

ಈ ಸುದ್ದಿ ಕೇಳಿದ ಮೇಲೆ ನನಗೆ ಅನ್ನ ಇಳಿಯಲಿಲ್ಲ. ನಾವು ನರಗುಂದದವರು. ಆ ಹೆಸರೇ ಈಗ ಅಪರಾಧ. ಓಡಿಹೋಗೋಣವೆಂದರೆ ಎಲ್ಲ ದಾರಿಗಳಲ್ಲೂ ಸವಾರರು. ಕೊಟ್ಟಿಗೆಯಲ್ಲಿ ಕೂತು ಯೋಚಿಸುತ್ತ ಯೋಚಿಸುತ್ತ ಒಂದು ವಿಚಾರ ಗಟ್ಟಿಯಾಯಿತು: ಸಾಹೇಬ ಬಂದೇ ಬರುತ್ತಾನೆ, ಪ್ರಶ್ನೆ ಕೇಳಿಯೇ ಕೇಳುತ್ತಾನೆ. ಉತ್ತರ ನಡುವಿನ ಬಾಯಿಗಳನ್ನು ದಾಟದೆ ನೇರವಾಗಿ ಅವನ ಕಿವಿಗೆ ಬೀಳಬೇಕು. ನಾನೊಬ್ಬನೇ ಎಲ್ಲಿ ಅಂತ ನಿಲ್ಲಲಿ? ಹುಡುಗರ ಬಾಯಲ್ಲೂ ಆ ಮಾತು ಇರಬೇಕು. ಮರುದಿನವೇ ಪಾಠ ಶುರು ಮಾಡಿದೆ. ಪುಸ್ತಕವಿಲ್ಲ, ಪಾಟಿಯಿಲ್ಲ, ಅಕ್ಷರವಿಲ್ಲ. ಬರೀ ಮಾತು.

ನಾನು ಗಾಡಿಯ ಮೂಕಿಯ ಮೇಲೆ ಕೂತು ಸಾಹೇಬನಾದೆ. ಕೈಯಲ್ಲಿ ಬಾರುಕೋಲು. "ಹೂ ಆರ್ ಯು?" ಎಂದು ಗದರಿಸಿದೆ. ಉಸಿರು ಬಿಡದೆ ಪಾಠ ಒಪ್ಪಿಸುತ್ತಿದ್ದ ಸಾವಕಾರರ ಮಗ ಬೆವತು ನಿಂತ. ನೀನು ಯಾರು ಎಂಬ ಸಣ್ಣ ಪ್ರಶ್ನೆ. ಅದರ ಪ್ರತಿಯೊಂದು ಶಬ್ದವೂ ಅವನಿಗೆ ಗೊತ್ತು. ಆದರೂ ಯಾರೋ ತನ್ನನ್ನೇ ಕೇಳುತ್ತಿದ್ದಾರೆ ಎಂದ ಕೂಡಲೇ ಎಲ್ಲವೂ ಹಾರಿಹೋಯಿತು.

ಮುಂದಿನ ಪ್ರಶ್ನೆಗೆ ಹೋದೆ. "ಹ್ಯಾವ್ ಯು ಎನಿ ಆರ್ಮ್ಸ್?" ಎಂದೆ, ಹತ್ಯಾರ ಇವೆಯೇ ಎಂಬರ್ಥದಲ್ಲಿ. ಅವನು ಕಣ್ಣರಳಿಸಿ, ಗೊತ್ತಿರುವುದು ಸಿಕ್ಕಿತೆಂಬ ಉತ್ಸಾಹದಿಂದ, "ಯೆಸ್ ಸರ್! ಐ ಹ್ಯಾವ್ ಟೂ ಆರ್ಮ್ಸ್!" ಎಂದು ಎರಡೂ ಕೈ ಎತ್ತಿದ. ಪುಸ್ತಕದಲ್ಲಿ ಆರ್ಮ್ಸ್ ಎಂದರೆ ತೋಳು. ಅದನ್ನು ಕಲಿಸಿದವನು ನಾನೇ. ಪಿಂಜಾರರ ಮಗ ನಕ್ಕ. ನನಗೆ ನಗು ಬರಲಿಲ್ಲ.

ಅದಕ್ಕಿಂತ ದೊಡ್ಡ ಗಂಡಾಂತರ ಎರಡನೆಯ ದಿನ ಸಿಕ್ಕಿತು. ಸಾಹೇಬ ಒಮ್ಮೊಮ್ಮೆ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತಾನೆ: "ಯು ಹ್ಯಾವ್ ನೋ ಗನ್ಸ್?" ನಿಮ್ಮಲ್ಲಿ ಬಂದೂಕು ಇಲ್ಲವೇ? ನಮ್ಮ ಮಾತಿನಲ್ಲಿ ಇದಕ್ಕೆ "ಹೌದ್ರಿ, ಇಲ್ಲ" ಎನ್ನುತ್ತೇವೆ. ನೀವು ಹೇಳಿದ್ದು ಖರೆ, ಇಲ್ಲ ಎಂದು. ಹುಡುಗರು ಅದೇ ಜಾಡಿನಲ್ಲಿ "ಯೆಸ್ ಸರ್" ಎಂದರು. ಇಂಗ್ಲಿಷಿನವನ ಕಿವಿಗೆ ಅದು ಬಂದೂಕು ಇದೆ ಎಂದು ಬೀಳುತ್ತದೆ. ನಾನು ತಿಳಿಸಿ ಹೇಳಿದೆ, ತಿದ್ದಿದೆ, ಮತ್ತೆ ಕೇಳಿದೆ. ಮತ್ತೆ "ಯೆಸ್ ಸರ್". ಹುಟ್ಟಿದಾಗಿನಿಂದ ನಾಲಗೆ ತುಳಿದ ದಾರಿ ಅದು. ಒಂದು ಹೊತ್ತಿನ ಪಾಠಕ್ಕೆ ತಿರುಗುತ್ತದೆಯೇ?

ಕಡೆಗೆ ಹೇಳಿದೆ: "ಇವತ್ತಿನಿಂದ ಯೆಸ್ ಬಂದ್, ನೋ ಬಂದ್. ಯಾವ ಪ್ರಶ್ನಾ ಕೇಳಿದ್ರೂ ಪೂರಾ ವಾಕ್ಯ ಹೇಳ್ರಿ. ಏನೈತಿ ಅದನ್ನ ಹೇಳ್ರಿ, ಏನಿಲ್ಲ ಅದನ್ನ ಹೇಳ್ರಿ." ಬಂದೂಕು ಇಲ್ಲವೇ ಎಂದರೂ ಇದೆಯೇ ಎಂದರೂ ಉತ್ತರ ಒಂದೇ: "ದೇರ್ ಆರ್ ನೋ ಗನ್ಸ್ ಹಿಯರ್." ಇಲ್ಲಿ ಬಂದೂಕು ಇಲ್ಲ. ಪ್ರಶ್ನೆಗಳನ್ನು ಹಿಂದುಮುಂದು ಮಾಡಿ, ಕೂಗಿ, ಪಿಸುಗುಟ್ಟಿ, ಅವರು ರೊಟ್ಟಿ ತಿನ್ನುವಾಗ, ಎತ್ತಿಗೆ ನೀರು ಕುಡಿಸುವಾಗ ಕೇಳುತ್ತಿದ್ದೆ. ಕೈಯನ್ನು ಧೋತರದೊಳಗೆ ಹಾಕಬಾರದು, ಅಂಗೈ ಕಾಣುವಂತೆ ನಿಲ್ಲಬೇಕು ಎಂಬುದೂ ಪಾಠದಲ್ಲಿ ಸೇರಿತು. ಮನೆಯೊಡತಿ ಮೊರ ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಮಾಸ್ತರ್ರ, ಇದೇನು ಸಾಲಿನೋ ಬೈಲಾಟನೋ?"

"ಸಾಲೀನ ಯವ್ವಾ" ಎಂದೆ.

"ಅಂಜಿಕಿ ಕಲಸಾಕತ್ತೀರಿ ಬಿಡ್ರಿ" ಎಂದು ಒಳಗೆ ಹೋದಳು. ಅವಳ ಮಾತು ತಪ್ಪಾಗಿರಲಿಲ್ಲ. ನನ್ನ ಧ್ವನಿಯಲ್ಲಿದ್ದ ನಡುಕವನ್ನೂ ಹುಡುಗರು ವಾಕ್ಯದ ಜೊತೆಗೇ ಕಲಿಯುತ್ತಿದ್ದರು.

ಸವಾರರು ಬಂದದ್ದು ಹಾಡುಹಗಲಿನಲ್ಲಿ. ಹೊಳೆಗೆ ಹೋಗಿದ್ದ ಹೆಂಗಸರು ಕೊಡ ಚೆಲ್ಲಿ ಓಡಿಬಂದರು. ನೋಡನೋಡುತ್ತ ಅಂಗಳದ ತುಂಬ ಕುದುರೆಗಳು. ಸಾಹೇಬ ಹರೆಯದವನು. ಬಿಸಿಲಿಗೆ ಅವನ ಮೂಗಿನ ಚರ್ಮ ಸುಲಿದಿತ್ತು, ತುಟಿ ಒಡೆದಿತ್ತು, ಎಷ್ಟೋ ದಿನ ನಿದ್ದೆಯಿಲ್ಲದ ಕಣ್ಣು. ನಾನು ಅಂಗೈ ತೋರಿಸುತ್ತ ಮುಂದೆ ಹೋಗಿ, ನನಗೆ ಬರುವ ಅತ್ಯುತ್ತಮ ಇಂಗ್ಲಿಷಿನಲ್ಲಿ, ನಾನು ಶಾಲಾ ಮಾಸ್ತರನೆಂದೂ ಇವರು ನನ್ನ ಶಿಷ್ಯರೆಂದೂ ಇಲ್ಲಿ ಹೆಂಗಸರಿದ್ದಾರೆಂದೂ ಹೇಳಿದೆ. ಒಂದು ತಪ್ಪೂ ಆಗಲಿಲ್ಲ.

ಅವನು ಕುದುರೆಯ ಮೇಲಿಂದಲೇ ಬಗ್ಗಿ ನೋಡಿದ. ಎಲ್ಲಿಂದ ಬಂದೆ ಎಂದು ಕೇಳಿದ.

ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ. "ನರಗುಂದ" ಎಂದೆ.

ಅವನ ಮುಖ ಕಲ್ಲಾಯಿತು. ನರಗುಂದದಲ್ಲಿ ಇಷ್ಟು ಚೆನ್ನಾಗಿ ಇಂಗ್ಲಿಷ್ ಬಲ್ಲವನು ಒಬ್ಬನಿದ್ದನೋ, ಹಾಗಾದರೆ ಸರಕಾರದ ಕಾಗದಗಳನ್ನು ಆ ಜನಕ್ಕೆ ಓದಿ ಹೇಳಿದವನು ನೀನೇ ತಾನೆ ಎಂದ. ನಾನು ಏನೋ ಹೇಳಹೊರಟೆ. ಇನ್ನೊಂದು ಶಬ್ದ ಆಡಿದರೆ ಗುಂಡು ಹಾರಿಸುತ್ತೇನೆ ಎಂದ. ಇಬ್ಬರು ಸವಾರರು ನನ್ನ ಕೈಗಳನ್ನು ಹಿಂದಕ್ಕೆ ತಂದು ಗಾಡಿಯ ಗಾಲಿಗೆ ಕಟ್ಟಿದರು. ಯಾವ ಭಾಷೆ ನಮ್ಮನ್ನು ಉಳಿಸುತ್ತದೆಂದು ನಂಬಿದ್ದೆನೋ ಅದನ್ನು ಚೆನ್ನಾಗಿ ಆಡಿದ್ದಕ್ಕೇ ಸಿಕ್ಕಿಬಿದ್ದಿದ್ದೆ.

ಸಾಹೇಬ ಸಾವಕಾರರ ಮಗನ ಕಡೆ ತಿರುಗಿದ. ಇವನ ಶಿಷ್ಯನೇ ನೀನು? ಹಾಗಾದರೆ ನೀನೇ ಹೇಳು. "ಯು ಹ್ಯಾವ್ ನೋ ಗನ್ಸ್ ಹಿಯರ್?"

ಅದೇ ಪ್ರಶ್ನೆ. ಎತ್ತಿಗೆ ನೀರು ಕುಡಿಸುವಾಗ ಕೇಳಿದ್ದೆ, ರೊಟ್ಟಿ ತಿನ್ನುವಾಗ ಕೇಳಿದ್ದೆ.

"ಯೆಸ್, ಸರ್" ಎಂದ.

"ಯೆಸ್?"

"ಯೆಸ್ ಸರ್, ಯೆಸ್ ಸರ್!" ಇಲ್ಲ, ಇಲ್ಲ ಎಂದು ಗೋಗರೆಯುವವನಂತೆ ತಲೆಯಾಡಿಸುತ್ತ ಅದನ್ನೇ ಹೇಳಿದ.

ಸಾಹೇಬ ಕೈ ಎತ್ತಿದ. ಸವಾರರು ಇಳಿದು ಮನೆಯೊಳಗೆ ನುಗ್ಗಿದರು. ಮಡಕೆ ಒಡೆಯುವ ಸದ್ದು, ಹೆಂಗಸರ ಚೀರಾಟ. ಇನ್ನು ಕೆಲವರು ಹಿತ್ತಲಿನಲ್ಲಿದ್ದ ಮೇವಿನ ಬಣವಿಗಳಿಗೆ ಒಂದೊಂದಾಗಿ ಭರ್ಚಿ ಚುಚ್ಚತೊಡಗಿದರು. ಸಿಗುವುದೇನೂ ಇಲ್ಲ, ಸ್ವಲ್ಪ ಹೊತ್ತು ತಡೆದರೆ ಮುಗಿಯುತ್ತದೆ ಎಂದು ನಾನು ಮನಸ್ಸಿನಲ್ಲೇ ಜಪಿಸುತ್ತಿದ್ದೆ. ಆಗ ಮನೆಯೊಡತಿಯನ್ನು ನೋಡಿದೆ. ಅವಳು ಕಟ್ಟೆಯ ಮೇಲೆ ಕೂತು, ಬಾಯಿಗೆ ಸೆರಗು ತುರುಕಿಕೊಂಡು, ಕಡೆಯ ಬಣವಿಯನ್ನೇ ದಿಟ್ಟಿಸುತ್ತಿದ್ದಳು.

ಪಿಂಜಾರರ ಮಗ ಒಂದು ಹೆಜ್ಜೆ ಮುಂದೆ ಬಂದ. ಅಂಗೈ ಎರಡೂ ತೆರೆದಿದ್ದವು.

"ಸರ್. ದೇರ್ ಈಸ್ ಒನ್ ಗನ್."

ನಾನು ಕಲಿಸಿದ ವಾಕ್ಯ ಅದಲ್ಲ. ಅದರ ತದ್ವಿರುದ್ಧ. ಇಲ್ಲಿ ಒಂದು ಬಂದೂಕು ಇದೆ ಎನ್ನುತ್ತಿದ್ದ. ಅಂಗಳದಲ್ಲಿ ನಮ್ಮವರ ಪೈಕಿ ಆ ಮಾತು ತಿಳಿದದ್ದು ನನಗೆ ಮತ್ತು ಸಾವಕಾರರ ಮಗನಿಗೆ ಮಾತ್ರ. ಅವನು ಅಳತೊಡಗಿದ.

"ಓಲ್ಡ್ ಗನ್. ಫಾರ್ ಪಿಗ್ಸ್" ಎಂದ ಪಿಂಜಾರರ ಮಗ. ಹೊಲಕ್ಕೆ ಬರುವ ಹಂದಿ ಓಡಿಸಲು ಎಂಬುದು ಅವನ ಅರ್ಥ. "ಐ ಪುಟ್. ದೇರ್." ಬೆರಳಿನಿಂದ ಕಡೆಯ ಬಣವಿಯನ್ನು ತೋರಿಸಿದ.

ಯಾರದು ಎಂದು ಸಾಹೇಬ ಕೇಳಿದ. ಹುಡುಗ ತಡವರಿಸಿದ. ಶಬ್ದಗಳನ್ನು ಒಂದೊಂದಾಗಿ ಎತ್ತಿ ಜೋಡಿಸುವುದು ಅವನ ಹಣೆಯ ಮೇಲೆ ಕಾಣುತ್ತಿತ್ತು.

"ದಿಸ್ ಹೌಸ್ ಮ್ಯಾನ್. ಹೀ ಈಸ್ ಡೆಡ್."

ಸವಾರರು ಮೇವು ಕಿತ್ತು ಬಂದೂಕು ಎಳೆದು ತಂದರು. ಅದನ್ನು ಹಳೆಯ ರುಮಾಲಿನಲ್ಲಿ ಸುತ್ತಿತ್ತು. ನಳಿಗೆ ತುಕ್ಕು ಹಿಡಿದು ಕೆಂಪಾಗಿತ್ತು. ಮನೆಯೊಡತಿ ಎದ್ದು ನಿಂತು ಚೀರಿದಳು: "ಏನ ಹೇಳಿದ್ಯೋ ಅವಗ! ನಿನ್ನ ಕೈಯಾಗ ಕೊಟ್ಟಿದ್ನೆಲ್ಲೋ!" ಆಗ ನನಗೆ ಎಲ್ಲ ತಿಳಿಯಿತು. ಗಂಡನ ಬಂದೂಕನ್ನು ಸರಕಾರಕ್ಕೆ ಒಪ್ಪಿಸಲಾರದೆ ಬಚ್ಚಿಡಲು ಇವನ ಕೈಗೆ ಕೊಟ್ಟಿದ್ದಳು. ಇವನು ನನ್ನೆದುರು "ಬಂದೂಕು ಇಲ್ಲ" ಎಂಬ ವಾಕ್ಯ ಹೇಳುತ್ತಿದ್ದಾಗಲೆಲ್ಲ ಅದು ಸುಳ್ಳೆಂದು ಇವನಿಗೆ ಗೊತ್ತಿತ್ತು.

ಸಾಹೇಬ ಬಂದೂಕನ್ನು ತಿರುಗಿಸಿ ನೋಡಿದ, ಅದರ ಗುಂಡು ಹಾರಿಸುವ ಕೀಲು ಎಳೆದ. ಅದು ಅಲ್ಲಾಡಲಿಲ್ಲ. ಸವಾರನೊಬ್ಬ ಅದನ್ನು ಒರಳುಕಲ್ಲಿನ ಮೇಲೆ ಎತ್ತಿ ಬಡಿದು ಮುರಿದ. ಆ ಸದ್ದಿಗೆ ಎತ್ತುಗಳು ಹಗ್ಗ ಜಗ್ಗಿದವು, ಅವುಗಳ ಜೊತೆ ನಾನೂ.

ಸಾಹೇಬ ನನ್ನ ಕಡೆ ಬೆರಳು ಮಾಡಿದ. ಈ ಮನುಷ್ಯ ಅರಸನ ಕಡೆಯವರಿಗೆ ಕಾಗದ ಬರೆದುಕೊಟ್ಟನೇ?

"ಹೀ ಡಿಡ್ ನಾಟ್ ರೈಟ್" ಎಂದ ಹುಡುಗ. ನಿಂತ. ಇನ್ನೂ ಏನೋ ಹೇಳಬೇಕಿತ್ತು ಅವನಿಗೆ, ಶಬ್ದ ಹುಡುಕುತ್ತಿದ್ದ. ನನ್ನನ್ನು ನೋಡಿದ, ಮತ್ತೆ ಸಾಹೇಬನನ್ನು ನೋಡಿದ. "ಹೀ ಈಸ್ ಅಫ್ರೇಡ್ ಮ್ಯಾನ್, ಸರ್."

ಅವನು ಅಂಜುವ ಮನುಷ್ಯ, ಸಾಹೇಬರೇ.

ಸಾಹೇಬ ಕುದುರೆಯಿಂದ ಇಳಿದು ನನ್ನ ಹತ್ತಿರ ಬಂದ. ನನ್ನ ಧೋತರ ಒದ್ದೆಯಾಗಿತ್ತು. ಯಾವಾಗ ಆಯಿತೋ ನನಗೇ ಗೊತ್ತಾಗಿರಲಿಲ್ಲ. ಅವನು ಅದನ್ನು ನೋಡಿದ, ಮುಖ ಪಕ್ಕಕ್ಕೆ ತಿರುಗಿಸಿದ. ಬಿಚ್ಚಿರಿ ಎಂದು ಸವಾರರಿಗೆ ಸನ್ನೆ ಮಾಡಿದ. ಇನ್ನು ಹತ್ಯಾರ ಸಿಕ್ಕರೆ ಮನೆ ಸುಡುತ್ತೇನೆ ಎಂದು ಹೇಳಿ ಹೊರಟುಹೋದ. ಕುದುರೆಗಳ ಧೂಳು ಅಗಸೆ ದಾಟಿದ ಮೇಲೂ ನನ್ನ ಕೈಗಳು ಬೆನ್ನ ಹಿಂದೆಯೇ ಇದ್ದವು.

ಹೊಳೆಗೆ ಹೋಗಿ ಮಡುವಿನ ನೀರಿನಲ್ಲಿ ಸೊಂಟದ ತನಕ ಇಳಿದು ಧೋತರ ಹಿಂಡಿಕೊಂಡೆ. ಪಿಂಜಾರರ ಮಗ ಹಿಂದೆಯೇ ಬಂದು ದಂಡೆಯ ಮೇಲೆ ದೂರ ನಿಂತ.

"ಸರ್, ನಾ ತಪ್ಪ ಅಂದ್ನೇನ್ರಿ?"

"ಅಫ್ರೇಡ್ ಮ್ಯಾನ್ ಅನಬಾರದು. ಫ್ರೈಟನ್ಡ್ ಮ್ಯಾನ್ ಅನಬೇಕು" ಎಂದೆ.

"ವಾಕ್ಯದ್ದಲ್ರಿ ನಾ ಕೇಳಿದ್ದು."

ನೀರು ಸೊಂಟದ ಸುತ್ತ ಅಲುಗುತ್ತಿತ್ತು. "ಇಲ್ಲಪಾ. ಖರೇನ ಹೇಳಿದಿ" ಎಂದೆ. ಅವನು ತಲೆ ತಗ್ಗಿಸಿದ. ನನಗೇ ಸಿಟ್ಟು ಬರಬಹುದೆಂದು ಕಾದೆ, ಬರಲಿಲ್ಲ. ಕಲಿಸದ ಮಾತನ್ನು ಶಿಷ್ಯನೊಬ್ಬ ತಾನೇ ಕಟ್ಟಿ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮನೆಗೆ ಬಂದಾಗ ಸಾವಕಾರರ ಮಗ ದನಗಳ ಮೇವಿನ ಗೋದಲಿಯ ಹತ್ತಿರ ಮುದುಡಿ ಕೂತಿದ್ದ. "ನನ್ನಿಂದ ಎಲ್ಲಾರೂ ಸಾಯ್ತಿದ್ರಿ ಸರ್" ಎಂದ. ಅವನ ಉತ್ತರ ನಮ್ಮ ಭಾಷೆಯಲ್ಲಿ ಸರಿಯಾದದ್ದೇ, ಅವನು ಸುಳ್ಳಾಡಲಿಲ್ಲ ಎಂದು ಎಷ್ಟು ಹೇಳಿದರೂ ಸಮಾಧಾನವಾಗಲಿಲ್ಲ. ಪಕ್ಕದಲ್ಲಿ ಕೂತು ಅವನ ಬೆನ್ನ ಮೇಲೆ ಕೈಯಿಟ್ಟೆ.

ಮನೆಯೊಡತಿ ಮುರಿದ ಬಂದೂಕಿನ ಹತ್ತಿರವೇ ನೆಲದ ಮೇಲೆ ಕೂತಿದ್ದಳು. ಸಂಜೆಯವರೆಗೆ ಪಿಂಜಾರರ ಮಗನ ಮುಖ ನೋಡಲಿಲ್ಲ. ಆಮೇಲೆ ನನ್ನನ್ನು ಕರೆದು, "ಮಾಸ್ತರ್ರ, ಅವ ಆ ಸಾಹೇಬಗ ಏನೇನ ಅಂದ, ಒಂದೂ ಬಿಡದಂಗ ಹೇಳ್ರಿ" ಎಂದಳು.

ನಾನು ವಾಕ್ಯ ವಾಕ್ಯವಾಗಿ ಕನ್ನಡದಲ್ಲಿ ಹೇಳಿದೆ. ಒಂದು ಬಂದೂಕು ಇದೆ. ಹಳೆಯದು. ಹಂದಿ ಓಡಿಸಲು. ನಾನೇ ಅಲ್ಲಿಟ್ಟೆ. ಈ ಮನೆಯ ಯಜಮಾನನದು.

"ನಾನೇ ಇಟ್ಟೆ ಅಂದನ? ತನ್ನ ಮ್ಯಾಲೆ ತಗೊಂಡನ?"

"ಹೌದ್ರಿ ಯವ್ವಾ."

ಅವಳು ಬಾಗಿಲ ಹೊರಗೆ ನಿಂತಿದ್ದ ಹುಡುಗನ ಕಡೆ ಮೊದಲ ಸಲ ತಿರುಗಿದಳು.

"ಯಜಮಾನರ ಸುದ್ದಿ ಏನ ಅಂದಿ ತಮ್ಮಾ? ಅವರ ಮಾತಿನ್ಯಾಗ ಅನ್ನು."

"ಹೀ ಈಸ್ ಡೆಡ್" ಎಂದ ಅವನು, ಮೆಲ್ಲಗೆ. "ಅಂದ್ರ... ಅವರು ಇಲ್ರಿ, ತೀರಿಕೊಂಡಾರ ಅಂತ್ರಿ."

"ಅಷ್ಟ ಸಣ್ಣ ಮಾತ?"

"ಅಷ್ಟರಿ ಯವ್ವಾ."

ಅವಳು ಆ ಮೂರು ಶಬ್ದಗಳನ್ನು ತುಟಿಯಲ್ಲೇ ಒಮ್ಮೆ ಆಡಿಸಿ ನೋಡಿದಳು. ಮತ್ತೆ ನೆಲಕ್ಕೆ ಕೈಯೂರಿ ಎದ್ದು, ಬಂದೂಕಿನ ತುಂಡುಗಳನ್ನು ಆ ಹಳೆಯ ರುಮಾಲಿನಲ್ಲಿಯೇ ಕಟ್ಟಿ ಅವನ ಕೈಗಿಟ್ಟಳು.

"ನಡಿ, ಹೊಳ್ಯಾಗ ಬಿಟ್ಟ ಬರೂಣು" ಎಂದಳು.